ಯಜಮಾನರು ಫ್ರೀಮೇಸನ್ ಆಗುತ್ತಾರಂತೆ, ನಾನು ಹೆದರಬೇಕಾ?

ಪ್ರಶ್ನೆ: ನಾವು ಮೈಸೂರಿನವರು. ನಮ್ಮ ಯಜಮಾನರಿಗೆ 42 ವರ್ಷ, ಔಷಧಿಯ ಹೋಲ್‌ಸೇಲ್ ವ್ಯಾಪಾರ. ಪರಿಚಯದ ಹಿರಿಯರೊಬ್ಬರು ಅವರನ್ನು ಫ್ರೀಮೇಸನ್ ಲಾಡ್ಜ್‌ಗೆ ಸೇರಿಕೊಳ್ಳಿ ಎಂದು ಕರೆದಿದ್ದಾರೆ. ಇವರಿಗೂ ಮನಸ್ಸಿದೆ. ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರೆ 'ಎಲ್ಲಾ ಹೇಳೋ ಹಾಗಿಲ್ಲವಂತೆ' ಎನ್ನುತ್ತಾರೆ. ನಮ್ಮಣ್ಣ ದಿನಾ ಇಲ್ಯುಮಿನಾಟಿ ವಿಡಿಯೊ ಕಳಿಸುತ್ತಿದ್ದಾನೆ. ಕಣ್ಣಿಗೆ ಬಟ್ಟೆ ಕಟ್ಟಿ ಪ್ರಮಾಣ ಮಾಡಿಸುತ್ತಾರೆ ಎಂದು ಕೇಳಿ ಅತ್ತೆ ಮಾಟಮಂತ್ರವೇ ಇರಬೇಕು ಎಂದು ಅಳುತ್ತಿದ್ದಾರೆ. ಆ ಹಿರಿಯರನ್ನು ನೋಡಿದರೆ ಹಾಗನಿಸುವುದಿಲ್ಲ. ಕಣ್ಣಿನ ಶಿಬಿರ ಮಾಡಿಸುತ್ತಾರೆ, ಬಡಮಕ್ಕಳ ಫೀಸು ಕಟ್ಟುತ್ತಾರೆ. 'ನಿನ್ನ ಬಿಸಿನೆಸ್‌ಗೂ ಒಳ್ಳೇದಾಗುತ್ತೆ' ಎಂದೂ ಹೇಳಿದ್ದಾರಂತೆ. ಖರ್ಚು ಎಷ್ಟೆಂದು ಇನ್ನೂ ಗೊತ್ತಿಲ್ಲ. ಹೆಂಗಸರಿಗೆ ಪ್ರವೇಶವಿಲ್ಲವಂತೆ. ಒಮ್ಮೆ ಸೇರಿದರೆ ಬಿಡೋಕಾಗಲ್ಲ ಅನ್ನುತ್ತಾರೆ, ನಿಜವೇ? — ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಹೆದರಿಕೆಯ ಮಾತುಗಳು ಬಹಳ ಇವೆ. ಅದರಲ್ಲಿ ನನಗೆ ಕಸಿವಿಸಿ ಆಗಿದ್ದು ಒಂದೇ ಒಂದು ಸಾಲಿಗೆ. ಅದು ಮಾಟಮಂತ್ರದ್ದಲ್ಲ, ಇಲ್ಯುಮಿನಾಟಿಯದ್ದೂ ಅಲ್ಲ. 'ನಿನ್ನ ಬಿಸಿನೆಸ್‌ಗೂ ಒಳ್ಳೇದಾಗುತ್ತೆ' ಎಂಬ ಸಾಲು. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ನನ್ನ ವಿಷಯ. ನಾನು ಮೇಸನ್ ಅಲ್ಲ. ಹಳೆಯ ಕ್ಲಬ್ಬು, ಸಂಘ, ಸಹಾಯನಿಧಿಗಳ ದಾಖಲೆ ಓದುವುದು ನನ್ನ ಕೆಲಸ. ಆ ದಾರಿಯಲ್ಲಿ ಲಾಡ್ಜ್‌ಗಳ ನಡಾವಳಿ ಪುಸ್ತಕಗಳೂ ಕೈಗೆ ಬಂದಿವೆ. ರೋಚಕವಾದದ್ದೇನೋ ಸಿಗುತ್ತದೆ ಎಂದುಕೊಂಡು ತೆರೆದರೆ ನಿರಾಶೆ ಗ್ಯಾರಂಟಿ. ಯಾರು ಬಂದರು, ಯಾರು ಬರಲಿಲ್ಲ, ಚಂದಾ ಬಾಕಿ ಯಾರದು, ಊಟಕ್ಕೆ ಎಷ್ಟಾಯಿತು, ತೀರಿಕೊಂಡ ಸದಸ್ಯನ ಹೆಂಡತಿಗೆ ತಿಂಗಳಿಗೆ ಎಷ್ಟು ಕೊಡಬೇಕು, ಫ್ಯಾನು ರಿಪೇರಿ ಯಾವಾಗ. ಮದುವೆ ಮನೆಯ ಲೆಕ್ಕದ ಪುಸ್ತಕಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

ಫ್ರೀಮೇಸನ್ನರು, ಚಿಕ್ಕದಾಗಿ ಮೇಸನ್ನರು, ಎಂದರೆ ಒಂದು ಸಹೋದರ ಸಂಘದ ಸದಸ್ಯರು. ಲಾಡ್ಜ್ ಎಂದರೆ ಇಲ್ಲಿ ಉಳಿದುಕೊಳ್ಳುವ ಜಾಗವಲ್ಲ, ಆ ಸದಸ್ಯರ ಒಂದು ಸ್ಥಳೀಯ ಘಟಕ. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ದಿನ ಬೇರೆ ಬೇರೆ ಲಾಡ್ಜ್‌ಗಳು ಸೇರುವುದೂ ಉಂಟು. ಇದರ ಬೇರು ಬ್ರಿಟನ್ನಿನ ಕಲ್ಲುಕುಟಿಗರ ಕಸುಬಿನ ಕೂಟಗಳಲ್ಲಿದೆ. ಕಾಲ ಕಳೆದಂತೆ ಕಲ್ಲು ಮುಟ್ಟದ ಜನ, ಅಂದರೆ ವ್ಯಾಪಾರಿಗಳು, ವಕೀಲರು, ಜಮೀನ್ದಾರರು ಸೇರಿಕೊಂಡರು. ಉಳಿ, ಸುತ್ತಿಗೆ, ಮೂಲೆಮಟ್ಟ, ಕೈವಾರ ಇವೆಲ್ಲ ಬರೀ ಸಂಕೇತಗಳಾಗಿ ಉಳಿದವು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಒಂದು ಹೆಂಡದಂಗಡಿಯಲ್ಲಿ ಸೇರಿ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜ್‌ಗಳ ಮೇಲಿನ ಸಂಸ್ಥೆ, ಮಾಡಿಕೊಂಡವು ಎಂದು ಅವರ ಚರಿತ್ರೆ ಹೇಳುತ್ತದೆ. 1723ರಲ್ಲಿ ನಿಯಮಗಳ ಪುಸ್ತಕ ಅಚ್ಚಾಯಿತು. ಹೌದು, ಅಚ್ಚಾಯಿತು, ಅಂಗಡಿಯಲ್ಲಿ ಮಾರಾಟವೂ ಆಯಿತು. ಗುಟ್ಟಿನ ಸಂಘ ಎನ್ನುವವರು ಇದನ್ನು ಮರೆಯುತ್ತಾರೆ.

ಭಾರತಕ್ಕೆ ಇದು ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಜನರ ಜೊತೆ. 1730ರ ಹೊತ್ತಿಗೆ ಕಲ್ಕತ್ತೆಯಲ್ಲಿ ಲಾಡ್ಜ್ ಇತ್ತು, 1752ರಲ್ಲಿ ಮದ್ರಾಸಿನಲ್ಲಿ, 1758ರಲ್ಲಿ ಬೊಂಬಾಯಿಯಲ್ಲಿ ಬಂತು. ಸೈನ್ಯದ ಪಾತ್ರವೂ ದೊಡ್ಡದು. 1732ರಿಂದಲೇ ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಸೇನಾ ತುಕಡಿಗಳಿಗೆ ಸಂಚಾರಿ ಲಾಡ್ಜ್‌ನ ಪರವಾನಗಿ ಕೊಡತೊಡಗಿತ್ತು. ತುಕಡಿ ಎಲ್ಲಿಗೆ ಹೋದರೆ ಲಾಡ್ಜೂ ಅಲ್ಲಿಗೆ. ಹಾಗಾಗಿ ದಂಡುಪ್ರದೇಶ ಇದ್ದ ಕಡೆ ಮೇಸನ್ನರೂ ಇರುತ್ತಿದ್ದರು. ಬೆಂಗಳೂರಿನ ದಂಡಿನಲ್ಲೂ ಅಷ್ಟೇ.

ಮದ್ರಾಸ್ ಕಡೆಯ ಒಂದು ಸಂಗತಿ ನಿಮಗೆ ಇಷ್ಟವಾಗಬಹುದು. ಭಾರತೀಯರಲ್ಲಿ ಮೊದಲು ಮೇಸನ್ ಆದವರಲ್ಲಿ ಒಬ್ಬರು ಉಮ್ದತ್-ಉಲ್-ಉಮರಾ. ನಮ್ಮ ಹೈದರಾಲಿಯ ಬದ್ಧವೈರಿಯಾಗಿದ್ದ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಮಗ. 1775ರ ಸುಮಾರಿಗೆ ತಿರುಚಿನಾಪಳ್ಳಿಯಲ್ಲಿ ದೀಕ್ಷೆ ಆಯಿತು. ಲಂಡನ್ನಿನವರು ಖುಷಿಯಾಗಿ ಅವರಿಗೆ ಒಂದು ಅಲಂಕಾರದ ಏಪ್ರನ್, ಅಂದರೆ ಮೇಸನ್ನರು ಸಭೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಮುಂಬಟ್ಟೆ, ಕಳಿಸಿಕೊಟ್ಟರು.

ನವಾಬನ ಮಗನಿಗೆ ಬಾಗಿಲು ಸಲೀಸಾಗಿ ತೆರೆಯಿತು. ಬೇರೆಯವರಿಗೆ ಹಾಗಾಗಲಿಲ್ಲ. ಬೊಂಬಾಯಿಯ ಪಾರ್ಸಿ ಮಾಣೆಕ್‌ಜಿ ಕರ್ಸೆಟ್‌ಜಿ ಅವರನ್ನು ಅಲ್ಲಿನ ಯುರೋಪಿಯನ್ನರು ಸೇರಿಸಿಕೊಳ್ಳಲಿಲ್ಲ. ಅವರು ಪ್ಯಾರಿಸ್ಸಿಗೆ ಹೋಗಿ ಮೇಸನ್ ಆಗಿ ಬಂದರು. ಬಂದ ಮೇಲೂ ಊರಿನ ಲಾಡ್ಜ್ ಒಪ್ಪಲಿಲ್ಲ. ಕೊನೆಗೆ ಜೇಮ್ಸ್ ಬರ್ನ್ಸ್ ಎಂಬ ವೈದ್ಯ 1843ರಲ್ಲಿ ಭಾರತೀಯರನ್ನು ಸೇರಿಸಿಕೊಳ್ಳಲೆಂದೇ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಲಾಡ್ಜ್ ಶುರು ಮಾಡಿದರು. ಬಂಗಾಳದಲ್ಲಿ ಇನ್ನೂ ಬಿಗಿ. ಪ್ರಸನ್ನ ಕುಮಾರ ದತ್ತ ಎಂಬ ವ್ಯಾಪಾರಿ ವರ್ಷಗಟ್ಟಲೆ ಅರ್ಜಿ ಬರೆದು, ಲಂಡನ್ನಿಗೂ ದೂರು ಕೊಟ್ಟು 1872ರಲ್ಲಿ ಒಳಗೆ ಹೋದರು. ಹಿಂದೂಗಳು ಅನೇಕ ದೇವರನ್ನು ಪೂಜಿಸುತ್ತಾರೆ, ಜಾತಿ ಬಿಡುವುದಿಲ್ಲ, ಸಹೋದರತ್ವ ಹೇಗೆ ಸಾಧ್ಯ ಎಂಬುದು ಸಾಹೇಬರ ತಕರಾರು. ಎಲ್ಲರೂ ಅಣ್ಣತಮ್ಮಂದಿರು ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದ ಜನ ಇವರು! ಹಿರಿಯರು ಲಾಡ್ಜ್ ಚರಿತ್ರೆ ಹೇಳುವಾಗ ಈ ಭಾಗವನ್ನು ಬಿಟ್ಟರೆ ನೀವೇ ಕೇಳಿ ನೋಡಿ.

ದತ್ತರು ತೆರೆಸಿದ ಬಾಗಿಲಿನಿಂದ ಹನ್ನೆರಡು ವರ್ಷದ ನಂತರ ಇನ್ನೊಬ್ಬ ದತ್ತ ಹೋದರು. ನರೇಂದ್ರನಾಥ ದತ್ತ, ಅಂದರೆ ಮುಂದೆ ಸ್ವಾಮಿ ವಿವೇಕಾನಂದರಾದವರು. 1884ರ ಫೆಬ್ರವರಿಯಲ್ಲಿ, ಕಲ್ಕತ್ತೆಯ 'ಆಂಕರ್ ಅಂಡ್ ಹೋಪ್' ಲಾಡ್ಜ್‌ನಲ್ಲಿ. ಮೋತಿಲಾಲ್ ನೆಹರೂ ಕೂಡ ಮೇಸನ್ ಆಗಿದ್ದರು. ಇದನ್ನು ನಿಮ್ಮ ಅತ್ತೆಯವರಿಗೆ ಹೇಳಿ. ವಾದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ. ಆದರೆ ದೊಡ್ಡವರು ಹೋಗಿದ್ದರು ಎಂಬ ಕಾರಣಕ್ಕೇ ನಿಮ್ಮವರೂ ಹೋಗಬೇಕು ಅಂತೇನೂ ಇಲ್ಲ, ಅಲ್ವಾ?

ಸ್ವಾತಂತ್ರ್ಯ ಬಂದ ಮೇಲೂ ಇಲ್ಲಿನ ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳ ಕೈಕೆಳಗೇ ಇದ್ದವು. 1961ರ ನವೆಂಬರ್ 24ರಂದು ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿತು. ರಾಂಪುರದ ನವಾಬ ಸಯ್ಯದ್ ರಜಾ ಅಲಿ ಖಾನ್ ಮೊದಲ ಗ್ರ್ಯಾಂಡ್ ಮಾಸ್ಟರ್. ಕೆಲವು ಲಾಡ್ಜ್‌ಗಳು ಹಳೆಯ ಬ್ರಿಟಿಷ್ ಸಂಬಂಧವನ್ನೇ ಉಳಿಸಿಕೊಂಡಿವೆ, ಅದೂ ಕ್ರಮಬದ್ಧವೇ. ದಕ್ಷಿಣದ ಪ್ರಾದೇಶಿಕ ಕಚೇರಿ ಚೆನ್ನೈಯಲ್ಲಿದೆ.

ಈಗ ಅತ್ತೆಯವರ ಭಯಕ್ಕೆ ಬರುತ್ತೇನೆ. ಉತ್ತರ ಭಾರತದಲ್ಲಿ ಎಷ್ಟೋ ಊರುಗಳಲ್ಲಿ ಮೇಸನ್ನರ ಕಟ್ಟಡವನ್ನು ಜನ 'ಜಾದೂಘರ್' ಎಂದೇ ಕರೆದರು. ಬಾಗಿಲು ಮುಚ್ಚಿ, ಹೊರಗೆ ಕಾವಲಿಟ್ಟು, ಕತ್ತಲಾದ ಮೇಲೆ ಸೂಟು ಹಾಕಿದ ಗಂಡಸರು ಸೇರಿದರೆ ಊರವರು ಇನ್ನೇನು ಅಂದುಕೊಳ್ಳಬೇಕು? ಕಣ್ಣಿಗೆ ಬಟ್ಟೆ ಕಟ್ಟುವುದು ನಿಜ. ಪ್ಯಾಂಟಿನ ಒಂದು ಕಾಲನ್ನು ಮೇಲಕ್ಕೆ ಮಡಿಸುವುದು, ಒಂದು ಕಾಲಿಗೆ ಶೂ ಬದಲು ಚಪ್ಪಲಿ ಹಾಕಿಸುವುದೂ ನಿಜ. ಕೋಣೆಯಲ್ಲಿ ಕಪ್ಪು ಬಿಳುಪು ಚೌಕಗಳ ನೆಲ ಇರುತ್ತದೆ. ಪೂರ್ವಕ್ಕೆ ಅಧ್ಯಕ್ಷರ ಕುರ್ಚಿ, ಪಶ್ಚಿಮಕ್ಕೂ ದಕ್ಷಿಣಕ್ಕೂ ಒಬ್ಬೊಬ್ಬ ವಾರ್ಡನ್, ಅಂದರೆ ಅಧ್ಯಕ್ಷರ ಕೈಕೆಳಗಿನ ಪದಾಧಿಕಾರಿ. ಒರಟು ಕಲ್ಲೊಂದು, ನಯ ಮಾಡಿದ ಕಲ್ಲೊಂದು. ಸದಸ್ಯತ್ವಕ್ಕೆ ಮೂರು ಮೆಟ್ಟಿಲು ಇವೆ: ಕಸುಬು ಕಲಿಯುವ ಹುಡುಗ, ಕೆಲಸ ಗೊತ್ತಿರುವವನು, ಮೇಸ್ತ್ರಿ. ಮೂರನೆಯದರಲ್ಲಿ ಸೊಲೊಮನ್ ರಾಜನ ದೇವಾಲಯ ಕಟ್ಟುತ್ತಿದ್ದ ಹಿರಾಮ್ ಎಂಬ ಮೇಸ್ತ್ರಿಯ ಕೊಲೆಯ ಕತೆಯನ್ನು ನಾಟಕದ ಹಾಗೆ ಆಡುತ್ತಾರೆ. ಇದೆಲ್ಲ ನೂರಾರು ವರ್ಷಗಳಿಂದ ಪುಸ್ತಕಗಳಲ್ಲಿ ಸಿಗುತ್ತಿದೆ.

ದೀಕ್ಷೆಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಒಂದಿದೆ. ಒಳಗೆ ಬರುವ ಮುಂಚೆ ಹೊಸಬನ ಹತ್ತಿರ ಇರುವ ದುಡ್ಡು, ಉಂಗುರ, ಗಡಿಯಾರ ಎಲ್ಲ ತೆಗೆಸಿ ಇಡುತ್ತಾರೆ. ಪ್ರಮಾಣವೆಲ್ಲ ಮುಗಿದ ಮೇಲೆ ಅವನನ್ನು ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, ಬಡವರಿಗೆ ಏನಾದರೂ ಕೊಡು ಎಂದು ಕೇಳುತ್ತಾರೆ. ಅವನು ಜೇಬು ತಡಕುತ್ತಾನೆ, ಏನೂ ಇರುವುದಿಲ್ಲ. ಆಗ ಹೇಳುತ್ತಾರೆ: ಕೇಳಿಸಿಕೊಂಡು ಕೊಡಲಾಗದೆ ನಿಂತೆಯಲ್ಲ, ಮುಂದೆ ಯಾರಾದರೂ ಬರಿಗೈಯಲ್ಲಿ ನಿನ್ನ ಎದುರು ಬಂದರೆ ಈ ಗಳಿಗೆ ನೆನಪಿರಲಿ ಎಂದು. ಇದರಲ್ಲಿ ಮಾಟ ಎಲ್ಲಿದೆ ಹೇಳಿ.

ಪ್ರಮಾಣ ಮಾಡುವುದು ಅವರವರ ಧರ್ಮಗ್ರಂಥದ ಮೇಲೆ. ಭಾರತದ ಗ್ರ್ಯಾಂಡ್ ಲಾಡ್ಜ್‌ನ ಲಾಂಛನದಲ್ಲೇ ಐದು ಗ್ರಂಥಗಳಿವೆ. ನಿಮ್ಮ ಯಜಮಾನರು ಭಗವದ್ಗೀತೆಯ ಮೇಲೆ ಕೈ ಇಡುತ್ತಾರೆ. ದೇವರಿದ್ದಾನೆ ಎಂದು ನಂಬಬೇಕು ಎಂಬುದು ಶರತ್ತು. ಯಾವ ದೇವರು ಎಂದು ಕೇಳುವುದಿಲ್ಲ. ಸಭೆಯಲ್ಲಿ ಮತ, ರಾಜಕೀಯ ಎತ್ತುವ ಹಾಗಿಲ್ಲ. 'ಗುಟ್ಟು ಬಿಟ್ಟುಕೊಟ್ಟರೆ ಕತ್ತು ಕೊಯ್ಯಲಿ' ಎಂಬಂಥ ಭೀಕರ ಮಾತುಗಳು ಹಿಂದೆ ಪ್ರಮಾಣದಲ್ಲೇ ಇದ್ದವು. ಇಂಗ್ಲೆಂಡಿನವರು 1986ರಲ್ಲಿ ಅದನ್ನು ಪ್ರಮಾಣದಿಂದ ತೆಗೆದರು. ನೀವು ಕ್ಯಾಥೊಲಿಕ್ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. 1738ರಿಂದ ಅವರ ಚರ್ಚು ಇದನ್ನು ನಿಷೇಧಿಸಿದೆ, 2023ರಲ್ಲೂ ಅದನ್ನೇ ಮತ್ತೆ ಹೇಳಿದೆ.

ಅಣ್ಣನ ವಿಡಿಯೊಗಳಿಗೆ ಜಾಸ್ತಿ ಹೊತ್ತು ಬೇಡ. ಇಲ್ಯುಮಿನಾಟಿ ಎಂಬುದು 1776ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಒಬ್ಬ ಪ್ರೊಫೆಸರ್ ಕಟ್ಟಿದ ಸಣ್ಣ ಗುಂಪು. ಅವನು ಲಾಡ್ಜ್‌ಗಳಿಂದ ಜನ ಸೆಳೆದದ್ದು ಹೌದು. ಹತ್ತು ವರ್ಷದೊಳಗೆ ಅಲ್ಲಿನ ಸರ್ಕಾರ ನಿಷೇಧಿಸಿತು, ಅಲ್ಲಿಗೆ ಮುಗಿಯಿತು. ಸೈತಾನನ ಪೂಜೆಯ ಕತೆಗೆ ಬೇರೆಯದೇ ಹುಟ್ಟು ಇದೆ. ಲಿಯೊ ಟ್ಯಾಕ್ಸಿಲ್ ಎಂಬ ಫ್ರೆಂಚ್ ಬರಹಗಾರ ಹನ್ನೆರಡು ವರ್ಷ ಇಂಥ ಕತೆ ಬರೆದು ಮಾರಿದ. 1897ರಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಕರೆದು, ಎಲ್ಲ ಸುಮ್ನೆ ಕಟ್ಟಿದ್ದು ಎಂದು ನಗುತ್ತಾ ಒಪ್ಪಿಕೊಂಡ. ಅವನು ಒಪ್ಪಿಕೊಂಡದ್ದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಒಂದು ಎಚ್ಚರಿಕೆ: 'ಇಲ್ಯುಮಿನಾಟಿ ಸೇರಿ, ಕೋಟ್ಯಧಿಪತಿ ಆಗಿ' ಎಂದು ಮೆಸೇಜು ಕಳಿಸಿ ದುಡ್ಡು ಕೇಳುವವರು ಅಪ್ಪಟ ವಂಚಕರು. ಅಣ್ಣ ವಿಡಿಯೊ ನೋಡುತ್ತಾ ಅಂಥ ನಂಬರಿಗೆ ಫೋನು ಮಾಡದಿರಲಿ.

ಹಾಗಾದರೆ ಅನುಮಾನಕ್ಕೆ ಜಾಗವೇ ಇಲ್ಲವೇ? ಇದೆ. ಇಟಲಿಯಲ್ಲಿ 1981ರಲ್ಲಿ ಪಿ-2 ಎಂಬ ಲಾಡ್ಜ್‌ನ ಪಟ್ಟಿ ಪೊಲೀಸರಿಗೆ ಸಿಕ್ಕಿತು. ಅದರಲ್ಲಿ 962 ಹೆಸರು: ಮಂತ್ರಿಗಳು, ಸೇನಾಧಿಕಾರಿಗಳು, ಬ್ಯಾಂಕಿನವರು, ಪತ್ರಕರ್ತರು. ಸರ್ಕಾರವೇ ಬಿತ್ತು. ಆ ಲಾಡ್ಜ್ ಅನ್ನು ಅದರ ಮೇಲಿನ ಸಂಸ್ಥೆ ಅದಕ್ಕೂ ಮುಂಚೆಯೇ ಅಮಾನತು ಮಾಡಿತ್ತು. ಆದರೂ ಪಾಠ ಪಾಠವೇ. ಪ್ರಭಾವ ಇರುವವರು ಬಾಗಿಲು ಹಾಕಿಕೊಂಡು ಕೂತಾಗ 'ನಮ್ಮವನು' ಎಂಬ ಪಕ್ಷಪಾತ ಬೆಳೆಯುವುದು ಸುಲಭ. ಅದಕ್ಕೆ ಸಂಕೇತ, ಏಪ್ರನ್ ಏನೂ ಬೇಡ, ಯಾವ ಕ್ಲಬ್ಬಿನಲ್ಲಾದರೂ ಆಗುತ್ತದೆ.

ಇನ್ನು ಆ ಬಿಸಿನೆಸ್ ಮಾತು. ಸೇರುವವನು ಮೊದಲೇ ಒಂದು ಘೋಷಣೆ ಕೊಡಬೇಕು. ದುಡ್ಡಿನ ಆಸೆಯಿಂದಾಗಲಿ, ಲಾಭದ ಆಸೆಯಿಂದಾಗಲಿ ಬರುತ್ತಿಲ್ಲ, ಸ್ವಂತ ಇಷ್ಟದಿಂದ ಬರುತ್ತಿದ್ದೇನೆ ಎಂದು. ಹಿರಿಯರು ಬಿಸಿನೆಸ್ ಲಾಭ ತೋರಿಸಿ ಕರೆದರೆ ತಮ್ಮದೇ ನಿಯಮ ಮುರಿದಂತೆ. ಬಾಯಿತಪ್ಪಿ ಬಂದ ಮಾತಿರಬಹುದು. ಆದರೂ ಯಜಮಾನರು ಅದನ್ನೇ ನಂಬಿ ಹೊರಟಿದ್ದರೆ ನಿರಾಶೆ ಕಟ್ಟಿಟ್ಟದ್ದು. ನಾನು ನೋಡಿದ ಹಾಗೆ ಮನಸ್ತಾಪಗಳು ಬರುವುದು ಇಲ್ಲಿಂದಲೇ. 'ಬ್ರದರ್' ಎಂದು ಸಾಲಕ್ಕೆ ಸರಕು ಕೊಡುವುದು, 'ಬ್ರದರ್' ಎಂದು ಕೈಸಾಲ ಮಾಡುವುದು, ವಾಪಸ್ ಕೇಳಲು ಸಂಕೋಚ ಪಡುವುದು. ಔಷಧಿ ಹೋಲ್‌ಸೇಲಿನಲ್ಲಿ ಉದ್ರಿ ಎಷ್ಟು ದೊಡ್ಡ ತಲೆನೋವು ಎಂದು ನಿಮಗೇ ಗೊತ್ತು. ಲಾಡ್ಜ್‌ನವರಿಗೂ ಬೇರೆಯವರಿಗೂ ಒಂದೇ ಬಿಲ್ಲು, ಒಂದೇ ಗಡುವು ಎಂದು ಈಗಲೇ ಮಾತಾಡಿಕೊಳ್ಳಿ.

ಖರ್ಚಿನ ವಿಷಯದಲ್ಲಿ ಪ್ರವೇಶ ಶುಲ್ಕ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ವರ್ಷದ ಚಂದಾ, ಪ್ರತಿ ಸಭೆಯ ನಂತರದ ಊಟದ ಪಾಲು, ಕಪ್ಪು ಸೂಟು, ಬಿಳಿ ಕೈಗವಸು, ಏಪ್ರನ್, ದಾನದ ಪೆಟ್ಟಿಗೆ, ಬೇರೆ ಊರಿನ ಲಾಡ್ಜ್‌ಗೆ ಹೋಗಿ ಬರುವ ಖರ್ಚು, ಎಲ್ಲ ಸೇರಿಸಿ ಒಂದು ವರ್ಷದ ಮೊತ್ತ ಹೇಳಿ ಎಂದು ಕೇಳಿ. ಮರ್ಯಾದಸ್ಥರು ಲೆಕ್ಕ ಹೇಳುತ್ತಾರೆ. ಸಮಯವೂ ಖರ್ಚೇ. ಮೊದಲ ವರ್ಷ ತಿಂಗಳಿಗೆ ಒಂದು ಸಂಜೆ ಎನಿಸುತ್ತದೆ. ಆಮೇಲೆ ಒಂದು ಸಣ್ಣ ಹುದ್ದೆ ಕೊಡುತ್ತಾರೆ. ಅಲ್ಲಿಂದ ವರ್ಷಕ್ಕೊಂದು ಮೆಟ್ಟಿಲು ಹತ್ತುತ್ತಾ ಅಧ್ಯಕ್ಷ ಸ್ಥಾನಕ್ಕೆ ಹೋಗುವುದು ವಾಡಿಕೆ, ಅದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಇಂಗ್ಲಿಷಿನ ಉದ್ದುದ್ದ ಮಾತುಗಳನ್ನು ಬಾಯಿಪಾಠ ಮಾಡಬೇಕು. ರಾತ್ರಿ ಹನ್ನೊಂದಕ್ಕೆ ಬಚ್ಚಲಲ್ಲಿ ಗೊಣಗುವುದು ಕೇಳಿಸಿದರೆ ಅತ್ತೆಯವರಿಗೆ ಮೊದಲೇ ಹೇಳಿಡಿ, ಮಂತ್ರ ಅಲ್ಲ, ಪರೀಕ್ಷೆಗೆ ಓದುತ್ತಿದ್ದಾರೆ ಎಂದು.

ಸಮಾಜಸೇವೆ ನಿಜವೇ? ನಿಜ, ಹಳೆಯದೂ ಹೌದು. 1788ರಲ್ಲೇ ಲಂಡನ್ನಿನಲ್ಲಿ ಮೇಸನ್ನರ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು. ನಮ್ಮ ಕಡೆ ಕೊಯಮತ್ತೂರಿನಲ್ಲಿ ಮೇಸನ್ನರ ಮಕ್ಕಳ ಆಸ್ಪತ್ರೆ ಇದೆ, ದೆಹಲಿಯ ವಸಂತ ಕುಂಜ್‌ನಲ್ಲಿ ಶಾಲೆ ಇದೆ. ಸ್ಥಳೀಯ ಲಾಡ್ಜ್‌ಗಳು ಮಾಡುವುದು ಸಣ್ಣ ಪ್ರಮಾಣದ ಕೆಲಸ: ಕಣ್ಣಿನ ಶಿಬಿರ, ರಕ್ತದಾನ, ಶಾಲೆ ಫೀಸು, ಕೃತಕ ಕಾಲು. ಆದರೆ ಒಂದು ವಿಷಯ ತಿಳಿದಿರಲಿ. ಲಾಡ್ಜ್‌ನ ಸಹಾಯಕ್ಕೆ ಎರಡು ಮುಖ. ಒಂದು ಹೊರಗಿನವರಿಗೆ. ಇನ್ನೊಂದು ಸ್ವಂತ ಸದಸ್ಯರ ಕಷ್ಟಕ್ಕೆ, ವಿಧವೆಯರಿಗೆ, ಮಕ್ಕಳಿಗೆ. ಎರಡನೆಯದು ತಪ್ಪಲ್ಲ. ಇಂಥ ಕೂಟಗಳು ವಿಮೆ ಇಲ್ಲದ ಕಾಲದಲ್ಲಿ ಬೆಳೆದದ್ದೇ ಅದರಿಂದ. ನಾನು ಓದಿದ ನಡಾವಳಿಗಳಲ್ಲಿ ಅತ್ಯಂತ ಮಾನವೀಯ ಸಾಲುಗಳೂ ಅಲ್ಲೇ ಇದ್ದವು. ಹೆಸರು ಬರೆಯದೆ 'ನಮ್ಮ ದಿವಂಗತ ಸಹೋದರನ ಮನೆಗೆ' ಎಂದಷ್ಟೇ ಬರೆದು ಮೊತ್ತ ಹಾಕಿರುತ್ತಾರೆ. ಆದರೂ ಕಳೆದ ವರ್ಷ ಹೊರಗಿನವರಿಗೆ ಎಷ್ಟು, ಊಟಕ್ಕೆ ಎಷ್ಟು ಎಂದು ಕೇಳಿದರೆ ತಪ್ಪೇನಿಲ್ಲ. ದಾನಕ್ಕೆ ತೆರಿಗೆ ವಿನಾಯಿತಿ ಬೇಕೆಂದರೆ ರಸೀದಿ ಅಂಥ ವಿನಾಯಿತಿಯ ನೋಂದಣಿ ಇರುವ ಟ್ರಸ್ಟಿನ ಹೆಸರಲ್ಲಿ ಇರಬೇಕು.

ಹೆಂಗಸರ ವಿಷಯದಲ್ಲಿ ಅವರ ಪರ ವಾದ ಮಾಡುವ ಮನಸ್ಸು ನನಗಿಲ್ಲ. ಭಾರತದ ಗ್ರ್ಯಾಂಡ್ ಲಾಡ್ಜ್ ಗಂಡಸರಿಗೆ ಮಾತ್ರ. ವರ್ಷಕ್ಕೆ ಒಂದೆರಡು ಸಲ ಕುಟುಂಬದ ಊಟಕ್ಕೆ ಕರೆಯುತ್ತಾರೆ, ಅಷ್ಟೇ. ಗಂಡಸರು ಹೆಂಗಸರು ಇಬ್ಬರೂ ಸೇರುವ ಬೇರೊಂದು ಪಂಗಡವನ್ನು ಆನಿ ಬೆಸೆಂಟ್ 1902ರ ನಂತರ ಭಾರತಕ್ಕೆ ತಂದರು. ಇದನ್ನು ಮೊದಲಿನವರು ಮಾನ್ಯ ಮಾಡುವುದಿಲ್ಲ. ಸೇವೆಯೇ ಮುಖ್ಯ, ಇಬ್ಬರೂ ಸೇರಿ ಮಾಡೋಣ ಎಂದಾದರೆ ರೋಟರಿ, ಲಯನ್ಸ್ ಕ್ಲಬ್ಬುಗಳಿವೆ. ಅಲ್ಲಿ 1980ರ ದಶಕದ ಕೊನೆಯಿಂದ ಹೆಂಗಸರಿಗೂ ಬಾಗಿಲು ತೆರೆದಿದೆ, ಗುಟ್ಟೂ ಇಲ್ಲ. ಯಜಮಾನರಿಗೆ ಬೇಕಿರುವುದು ಆ ಆಚರಣೆ, ಆ ಗಂಭೀರ ವಾತಾವರಣ, ಊರಿನ ನಾಲ್ಕು ಹಿರಿಯರ ಒಡನಾಟ ಎಂದಾದರೆ ಅದು ರೋಟರಿಯಲ್ಲಿ ಸಿಗುವುದಿಲ್ಲ. ಯಾವುದು ಬೇಕು ಎಂದು ಅವರನ್ನೇ ಕೇಳಿ. ಉತ್ತರ ಕೊಡಲು ಅವರೂ ಸ್ವಲ್ಪ ಯೋಚಿಸಬೇಕಾಗುತ್ತದೆ.

ನನ್ನ ಸಲಹೆ ಕೇಳಿದರೆ, ಆ ಹಿರಿಯರನ್ನು ಮನೆಗೆ ಕಾಫಿಗೆ ಕರೆಯಿರಿ. ಅತ್ತೆಯವರೂ ಕೂತಿರಲಿ. ಸೇರಿಸಿಕೊಳ್ಳುವ ಮುಂಚೆ ಮನೆಗೆ ಬಂದು ಹೆಂಡತಿಯ ಒಪ್ಪಿಗೆ ಕೇಳುವ ಪದ್ಧತಿ ಹಲವು ಲಾಡ್ಜ್‌ಗಳಲ್ಲಿದೆ. ನಿಮ್ಮನ್ನು ಕೇಳಿಯೇ ಇಲ್ಲ ಎಂದಾದರೆ ನೀವೇ ಕೇಳಿ. ಲಾಡ್ಜ್‌ನ ಹೆಸರು, ಸಂಖ್ಯೆ, ಯಾವ ಗ್ರ್ಯಾಂಡ್ ಲಾಡ್ಜ್‌ಗೆ ಸೇರಿದ್ದು ಎಂದು ಬರೆದುಕೊಳ್ಳಿ. ದೆಹಲಿ ಅಥವಾ ಚೆನ್ನೈ ಕಚೇರಿಗೆ ಪತ್ರ ಬರೆದು ಖಚಿತ ಮಾಡಿಕೊಳ್ಳಿ. ಯಾಕೆಂದರೆ ಮೇಸನ್ ಎಂಬ ಹೆಸರಿಟ್ಟುಕೊಂಡು ದುಡ್ಡು ಎತ್ತುವವರೂ ಇದ್ದಾರೆ. ಅವಸರ ಮಾಡಿದರೆ, ಈ ತಿಂಗಳೇ ಕಟ್ಟಬೇಕು ಎಂದರೆ, ಅಲ್ಲಿಗೇ ನಿಲ್ಲಿಸಿ. ನಿಜವಾದ ಲಾಡ್ಜ್‌ನಲ್ಲಿ ಅವಸರ ಸಾಧ್ಯವೇ ಇಲ್ಲ. ಅರ್ಜಿ ಓದಬೇಕು, ವಿಚಾರಿಸಬೇಕು, ಆಮೇಲೆ ಗುಟ್ಟಿನ ಮತ. ಒಂದು ಪೆಟ್ಟಿಗೆಗೆ ಒಬ್ಬೊಬ್ಬರೂ ಗುಂಡು ಹಾಕುತ್ತಾರೆ. ಬಿಳಿ ಹಾಕಿದರೆ ಒಪ್ಪಿಗೆ, ಕಪ್ಪು ಹಾಕಿದರೆ ಬೇಡ ಎಂದು. ಒಂದೆರಡು ಮೂರು ಕಪ್ಪು ಬಿದ್ದರೂ ಅರ್ಜಿ ಬಿದ್ದುಹೋಗುತ್ತದೆ. ಕಾರಣ ಹೇಳುವುದಿಲ್ಲ. ಇದಕ್ಕೂ ಯಜಮಾನರು ಮನಸ್ಸು ಗಟ್ಟಿ ಮಾಡಿಕೊಂಡಿರಲಿ. ಸೂಟು ಹೊಲಿಸಲು ಅದು ಮುಗಿದ ಮೇಲೆ ಕೊಟ್ಟರೆ ಸಾಕು.

ಸೇರಿದ ಮೇಲೆ ಬಿಡಬಹುದೇ? ಬಿಡಬಹುದು. ಬಾಕಿ ಚಂದಾ ಕಟ್ಟಿ ಸೆಕ್ರೆಟರಿಗೆ ಒಂದು ರಾಜೀನಾಮೆ ಪತ್ರ ಕೊಟ್ಟರೆ ಆಯಿತು. ಏನೂ ಬರೆಯದೆ ಸುಮ್ಮನಾದರೂ, ಚಂದಾ ನಿಂತ ಸ್ವಲ್ಪ ಕಾಲಕ್ಕೆ ಅವರೇ ಹೆಸರು ತೆಗೆಯುತ್ತಾರೆ. ನಡಾವಳಿಗಳಲ್ಲಿ ಹೀಗೆ ಹೋದವರ ಹೆಸರು ಸಾಲುಸಾಲಾಗಿ ಸಿಗುತ್ತದೆ. ವರ್ಗವಾಯಿತು, ಆರೋಗ್ಯ ಸರಿಯಿಲ್ಲ, ಸಮಯವಿಲ್ಲ. ಅವರನ್ನು ಯಾರೂ ಹುಡುಕಿಕೊಂಡು ಹೋಗಿಲ್ಲ. ಸೆಕ್ರೆಟರಿ ಮಾತ್ರ ಬಾಕಿ ಚಂದಾಕ್ಕೆ ಎರಡು ಸಲ ಪತ್ರ ಬರೆದಿರುತ್ತಾನೆ.